ಕಡಲ ಅಪಘಾತದ ತನಿಖೆ ಯಾರ ಕೈಯಲ್ಲಿ?

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಕಡಲಿಗಿಳಿದ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಯಿತು. ಅವಶೇಷ ಪತ್ತೆಯಾಗಲು ಮುಂದಿನ ಮೇ ತಿಂಗಳು ಬರಬೇಕಾಯಿತು.

1958ರ ವಾಣಿಜ್ಯ ನೌಕಾಯಾನ ಕಾಯ್ದೆಯ ಬದಲಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿದೆ. ಸ್ವಾಗತಾರ್ಹವೇ. ಆದರೆ ಹಡಗಿಗೆ ಅರ್ಹತಾಪತ್ರ ಕೊಡುವ ಇಲಾಖೆಯೇ ಅದು ಮುಳುಗಿದಾಗ ಕಾರಣ ಹುಡುಕಲು ಕುಳಿತರೆ, ತನ್ನ ಲೋಪವನ್ನು ತಾನೇ ಬರೆದೀತೇ ಎಂಬುದು ನಮ್ಮ ಪ್ರಶ್ನೆ.

1987ರಲ್ಲಿ ಬೆಲ್ಜಿಯಂನ ಬಂದರೊಂದರಿಂದ ಮುಂಬಾಗಿಲು ಮುಚ್ಚದೆಯೇ ಹೊರಟ ಬ್ರಿಟನ್ನಿನ ಹಡಗು ಮಗುಚಿ 193 ಮಂದಿ ಸತ್ತರು. 1989ರಲ್ಲಿ ಬ್ರಿಟನ್ ಸಾಗರ ಅಪಘಾತಗಳ ತನಿಖೆಗೆಂದೇ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಅದು ಯಾರನ್ನೂ ಅಪರಾಧಿಯೆಂದು ಘೋಷಿಸುವುದಿಲ್ಲ. ಕಾರಣ ಹುಡುಕಿ ವರದಿಯನ್ನು ಜನರ ಮುಂದಿಡುತ್ತದೆ. ಇಲ್ಲಿಯೂ ಅಂಥ ಸ್ವತಂತ್ರ ಸಂಸ್ಥೆ ಬೇಕು. ಮೀನುಗಾರಿಕಾ ದೋಣಿಗಳೂ ಅದರ ವ್ಯಾಪ್ತಿಗೆ ಬರಬೇಕು. ವರದಿ ಸಂತ್ರಸ್ತರ ಮನೆಗಳಿಗೆ ಅವರದೇ ಭಾಷೆಯಲ್ಲಿ ತಲುಪಬೇಕು.