ನಿಮ್ಮಪ್ಪಂಗೆ ಒಂದು ಫೋನ್ ಸಾಕು

ಈ ಬರಹಕ್ಕೆ ಹೆಸರು ಹಾಕಿಲ್ಲ. ನನ್ನ ಹೆಸರು ಗೊತ್ತಾದರೆ ನನ್ನ ಜೊತೆಗಿದ್ದವನದೂ ಗೊತ್ತಾಗುತ್ತದೆ. ಅಷ್ಟನ್ನಾದರೂ ಅವನಿಗೆ ಉಳಿಸಿಕೊಡಬೇಕು.

ಮೈಸೂರಿನ ಸರಸ್ವತಿಪುರಂನಲ್ಲಿ ಮಹಡಿ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ನಾನು ಅಗರಬತ್ತಿ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವನು, ಅವನು ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಕೆಳಗಿನ ಮನೆಯ ಆಂಟಿಗೆ ನಾವು ‘ಅಣ್ಣತಮ್ಮಂದಿರ ಥರ ಇರೋ ಫ್ರೆಂಡ್ಸು’. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದಾಗ ಅವರಿಗೂ ಮೈಸೂರುಪಾಕು ಕೊಟ್ಟೆವು. ಏನು ವಿಶೇಷ ಅಂದರು. ಪ್ರಮೋಷನ್ ಅಂದೆವು.

ಅವನ ಪಾಳಿ ಎರಡು ಗಂಟೆಗೆ ಮುಗಿಯುತ್ತಿತ್ತು. ಎರಡೂ ನಲವತ್ತಕ್ಕೆ ಮನೆಯಲ್ಲಿರಬೇಕು ಎಂಬುದು ನನ್ನ ಲೆಕ್ಕ. ಮೂರಾದರೆ ಆಫೀಸಿನಿಂದಲೇ ವಿಡಿಯೊ ಕಾಲ್: ಎಲ್ಲಿದ್ದೀಯ, ಪಕ್ಕದಲ್ಲಿ ಯಾರು, ಫೋನು ಸುತ್ತ ತಿರುಗಿಸು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬನೇ ನಡೆಯುವುದು ಅವನಿಗೆ ಇಷ್ಟ. ಅದನ್ನೂ ನಿಲ್ಲಿಸಿದೆ. ಬೈದಲ್ಲ, ಎರಡು ದಿನ ಊಟ ಬಿಟ್ಟು. ಗೆಳೆಯರು ‘ನೀನು ಸ್ವಲ್ಪ ಪೊಸೆಸಿವ್ ಕಣೋ’ ಅಂದರೆ ನನಗೆ ಹೊಗಳಿದಂತೆ ಕೇಳುತ್ತಿತ್ತು.

ನಂಜನಗೂಡಿನಲ್ಲಿ ಅವನ ತಂಗಿಯ ಮದುವೆ. ನನ್ನನ್ನು ಕರೆಯಲಿಲ್ಲ, ಏನೆಂದು ಕರೆದಾನು? ಧಾರೆಯ ಹೊತ್ತಿಗೆ 41 ಸಲ ಫೋನ್ ಮಾಡಿದ್ದೆ. ರಾತ್ರಿ ಎತ್ತಿದ. ಆಗ ಅಂದೆ: ‘ನಿಮ್ಮಪ್ಪಂಗೆ ಒಂದು ಫೋನ್ ಸಾಕು, ನೆನಪಿರಲಿ.’ ಅವನು ಅದೇ ರಾತ್ರಿ ಮದುವೆ ಮನೆ ಬಿಟ್ಟು ಬಂದ. ಗೆದ್ದೆ ಅಂದುಕೊಂಡೆ.

ಗಂಡ ಹೆಂಡತಿ ನಡುವೆ ಹೀಗಾದರೆ ಸೋದರಮಾವನೋ ಓಣಿಯ ಹಿರಿಯರೋ ಯಾರಾದರೂ ಬಾಗಿಲು ತಟ್ಟುತ್ತಾರೆ. (ತಟ್ಟಿ, ಹೆಣ್ಣಿಗೇ ‘ಹೊಂದಿಕೊಂಡು ಹೋಗಮ್ಮ’ ಅನ್ನುವುದೂ ಉಂಟು, ಆ ಮಾತು ಬೇರೆ.) ನಮ್ಮ ಬಾಗಿಲಿಗೆ ಬರುವವರೇ ಇಲ್ಲ. ಇನ್ನು ಕಾನೂನಿಗೆ ಬಂದರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ‘ವಯಸ್ಕ ಪುರುಷ’ ಎಂಬ ಮಾತನ್ನು ಸುಪ್ರೀಂ ಕೋರ್ಟು 2016ರಲ್ಲಿ ತೆಗೆದುಹಾಕಿತು, ಹಾಗಾಗಿ ಹೆಂಗಸಿನ ಮೇಲೂ ದೂರು ಕೊಡಬಹುದು. ದೂರು ಕೊಡುವವಳು ಮಾತ್ರ ಹೆಣ್ಣೇ ಆಗಿರಬೇಕು. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಹೇಳುವುದೂ ಹೆಣ್ಣಿನ ಬೆನ್ನು ಬಿದ್ದು ಕಾಡುವ ಗಂಡಿನ ಬಗ್ಗೆ. ಮಾನ ಕಳೆಯುತ್ತೇನೆಂದು ಬೆದರಿಸುವವರಿಗೆ 351ನೇ ಕಲಂ ಇದೆ. ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, 2 ವರ್ಷದವರೆಗೆ ಜೈಲು. ಆದರೆ ಠಾಣೆಗೆ ಹೋಗಿ ಅವನು ಏನೆಂದು ಬರೆಸಬೇಕು? ಯಾವ ಗುಟ್ಟು ಬಯಲಾದೀತೆಂದು ನಡುಗುತ್ತಿದ್ದನೋ ಅದನ್ನೇ ಮೊದಲ ಸಾಲಿನಲ್ಲಿ ಬರೆಸಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತಾಡಿದೆ.

‘ಇದನ್ನೆಲ್ಲ ಪೇಪರಿಗೆ ಬರೀಬೇಡ, ಮೊದಲೇ ನಮ್ಮನ್ನು ಕಂಡರಾಗದವರ ಕೈಗೆ ದೊಣ್ಣೆ ಕೊಟ್ಟ ಹಾಗೆ’ ಎಂದ ಒಬ್ಬ ಗೆಳೆಯ. ಅವನ ಭಯ ಸುಳ್ಳಲ್ಲ. 2023ರ ಅಕ್ಟೋಬರ್ 17ರಂದು ಕೋರ್ಟು ನಮಗೆ ಮದುವೆಯ ಹಕ್ಕು ಒಪ್ಪಲಿಲ್ಲ. ನಾವೂ ಎಲ್ಲರಂತೆ ಚೆನ್ನಾಗಿ ಬಾಳುತ್ತೇವೆಂದು ತೋರಿಸುವ ಹಟ ಅಂದಿನಿಂದ ನಮ್ಮಲ್ಲಿ ಇನ್ನೂ ಬಿಗಿಯಾಗಿದೆ. ಆದರೆ ಆ ತೋರಿಕೆಗೆ ಬಾಯಿ ಮುಚ್ಚಿಕೊಂಡಿರಬೇಕಾದವರು ನನ್ನಂಥವರ ಕೈಗೆ ಸಿಕ್ಕವರು. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ನಮ್ಮ ಆಸೆಗೆ, ಒಂಟಿತನಕ್ಕೆ ಕನ್ನಡದಲ್ಲಿ ಮಾತು ಸಿಕ್ಕಿತು. ನಮ್ಮ ಕ್ರೌರ್ಯವನ್ನೂ ಕನ್ನಡದಲ್ಲೇ ಹೇಳಿಕೊಳ್ಳಬೇಕು. ನನ್ನ ಜೊತೆಗಿದ್ದವನಿಗೆ ನಾನು ಮೊದಲು ಕೊಟ್ಟದ್ದು ಅದೇ ಪುಸ್ತಕ. ಒಂದು ಸೋಮವಾರ, ನಾನು ಆಫೀಸಿನಲ್ಲಿದ್ದಾಗ, ಬಟ್ಟೆಯ ಬ್ಯಾಗೊಂದನ್ನು ಹಿಡಿದು ಹೊರಟುಹೋದ. ಪುಸ್ತಕ ಕಪಾಟಿನಲ್ಲೇ ಇತ್ತು.

ಕೆಳಗಿನ ಆಂಟಿ ಆಮೇಲೆ ಹೇಳಿದರು: ‘ಆ ಹುಡುಗ ಮೆಟ್ಟಿಲ ಮೇಲೆ ಕೂತು ಅಳ್ತಾ ಇದ್ದ, ಎಷ್ಟೋ ಸಲ ನೋಡಿದೀನಿ. ನಿಮ್ಮ ನಿಮ್ಮಲ್ಲಿ ಏನೋ ಅಂತ ಸುಮ್ಮನಾದೆ.’

ಮನೆ ಬಾಡಿಗೆಗೆ ಕೊಟ್ಟವರಲ್ಲಿ ನನ್ನದೊಂದು ಕೋರಿಕೆ. ಮಹಡಿಯ ಹುಡುಗನೋ ಹುಡುಗಿಯೋ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರೆ ಸುಮ್ಮನಾಗಬೇಡಿ. ಯಾರು ಯಾರಿಗೆ ಏನಾಗಬೇಕೆಂದು ವಿಚಾರಿಸಬೇಕಿಲ್ಲ, ಯಾಕಪ್ಪ, ಯಾಕಮ್ಮ ಎಂದು ಕೇಳಿದರೆ ಸಾಕು. ಕಾಟ ಅನುಭವಿಸುತ್ತಿರುವವರಿಗೂ ನನ್ನ ಹಾಗೆ ಕಾಟ ಕೊಡುತ್ತಿರುವವರಿಗೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅವನು ಹೋದ ಮೇಲೆ ನಾನು ಫೋನ್ ಮಾಡಿದೆ. ನೀವು ಮುಂಚೆಯೇ ಮಾಡಿ.