ಮೌನವು ಕ್ಷೇಮದ ಗುರುತಲ್ಲ

ಬೇರೊಂದು ಕೋಣೆಯಲ್ಲಿಯೋ ಬೇರೊಂದು ಊರಿನಲ್ಲಿಯೋ ಹಗಲಿರುಳೂ ದುಡಿಯುತ್ತಿರುವ ಕಂಪ್ಯೂಟರಿನ ಯೋಗಕ್ಷೇಮವನ್ನು ಮನೆಯಲ್ಲಿ ಕುಳಿತೇ ಅರಿಯುವುದು ಇಂದು ವಿದ್ಯಾರ್ಥಿಗಳಿಗೂ ಸಾಧ್ಯವಾಗಿದೆ. ದೀಪ, ಫ್ಯಾನು, ಪಂಪುಗಳನ್ನು ತಾವಾಗಿಯೇ ನಡೆಯಿಸುವುದಕ್ಕೆಂದು ರಚಿತವಾದ ವ್ಯವಸ್ಥೆಗಳೇ ಈ ಕಾರ್ಯಕ್ಕೂ ಒದಗುತ್ತವೆ. ೨೦೧೩ರಲ್ಲಿ ಪೌಲಸ್ ಸ್ಕೌಟ್ಸನ್ ಅವರು ಆರಂಭಿಸಿದ ‘ಹೋಮ್ ಅಸಿಸ್ಟೆಂಟ್’ ಇವುಗಳಲ್ಲಿ ಪ್ರಸಿದ್ಧವಾದುದು. ಅದು ಉಚಿತವಾಗಿ ದೊರೆಯುತ್ತದೆ.

ಇದರ ಕ್ರಮ ಸರಳವಾದುದು. ದೂರದ ಯಂತ್ರದಲ್ಲಿ ‘ಗ್ಲಾನ್ಸಸ್’ ಎಂಬಂತಹ ಪ್ರೋಗ್ರಾಮೊಂದು ಪ್ರೊಸೆಸರಿನ ದುಡಿಮೆ, ಮೆಮೊರಿಯ ಬಳಕೆ, ಡಿಸ್ಕಿನಲ್ಲಿ ಉಳಿದಿರುವ ಸ್ಥಳ, ಉಷ್ಣತೆ ಮೊದಲಾದುವನ್ನು ಅಳೆಯುತ್ತದೆ. ಮನೆಯ ವ್ಯವಸ್ಥೆ ಅವನ್ನು ಆಗಾಗ ಕೇಳಿ ಪಡೆದು ನಕ್ಷೆಯಾಗಿ ತೋರಿಸುತ್ತದೆ. ‘ರಾಸ್ಪ್‌ಬೆರಿ ಪೈ’ ಎಂಬ ಅಂಗೈಯಗಲದ ಕಂಪ್ಯೂಟರು ೮೦ ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ೭೦ ಡಿಗ್ರಿಗೇ ಫ್ಯಾನು ತಿರುಗಲೆಂದು ನಾವು ನಿಯಮವನ್ನು ಬರೆದಿಡಬಹುದು.

ಆದರೆ ಅಂಕಿಗಳು ದೊರೆತ ಮಾತ್ರಕ್ಕೆ ತಿಳಿವು ದೊರೆಯಿತೆಂದು ಭಾವಿಸಲಾಗದು. ಲಿನಕ್ಸ್ ಯಂತ್ರಗಳು ೧, ೫ ಮತ್ತು ೧೫ ನಿಮಿಷಗಳ ಸರಾಸರಿ ಹೊರೆಯನ್ನು ತಿಳಿಸುತ್ತವೆ. ಹೊರೆ ೪ ಎಂದರೆ ನಾಲ್ಕು ಪ್ರೊಸೆಸರುಗಳುಳ್ಳ ಯಂತ್ರಕ್ಕೆ ತಕ್ಕಷ್ಟು ಕೆಲಸ; ಒಂದೇ ಪ್ರೊಸೆಸರುಳ್ಳ ಯಂತ್ರಕ್ಕಾದರೋ ಅದು ಹೊರಲಾರದ ಭಾರ. ಅಳೆದವನು ಅಳತೆಗೋಲನ್ನೂ ಅರಿತಿರಬೇಕು.

ಇದಕ್ಕಿಂತ ದೊಡ್ಡ ಅಪಾಯ ಮೌನದಲ್ಲಿದೆ. ‘೮೦ ಡಿಗ್ರಿ ಮೀರಿದರೆ ಎಚ್ಚರಿಸು’ ಎಂದು ನಿಯಮ ಬರೆದು ನಾವು ನಿಶ್ಚಿಂತರಾಗುತ್ತೇವೆ. ಆ ಯಂತ್ರವೇ ಕೆಟ್ಟು ನಿಂತರೆ? ಆಗ ಅಂಕಿಯೇ ಬಾರದು. ಅಂಕಿ ಬಾರದಿದ್ದರೆ ನಿಯಮವೂ ಎಚ್ಚರಗೊಳ್ಳದು. ವರ್ಷದ ಶ್ರಮದ ಫಲವನ್ನು ಕಾಯಬೇಕಾದ ಯಂತ್ರ ಸತ್ತು ಬಿದ್ದಿದ್ದರೂ ಮನೆಯಲ್ಲಿ ಗಂಟೆ ಬಾರಿಸುವುದಿಲ್ಲ. ಶೂನ್ಯವೇ ಬೇರೆ, ಅಳತೆಯ ಅಭಾವವೇ ಬೇರೆ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಲಿತ ಈ ಪಾಠವನ್ನು ಇಲ್ಲಿ ಮರೆಯುವುದು ಸಲ್ಲದು.

ಇದಕ್ಕೆ ಪರಿಹಾರ ಹೊಸದೇನೂ ಅಲ್ಲ. ೧೯೯೯ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅವರು ದೂರದ ತೈಲದ ಕೊಳವೆಗಳ ವರ್ತಮಾನವನ್ನು ಉಪಗ್ರಹದ ಮೂಲಕ ತರಿಸಲು ‘ಎಂಕ್ಯೂಟಿಟಿ’ ಎಂಬ ಸಂದೇಶಕ್ರಮವನ್ನು ರೂಪಿಸಿದರು. ಅದರಲ್ಲಿ ಪ್ರತಿಯೊಂದು ಯಂತ್ರವೂ ತನ್ನ ‘ಉಯಿಲ’ನ್ನು ಮಧ್ಯವರ್ತಿ ಕಂಪ್ಯೂಟರಿನಲ್ಲಿ ಮೊದಲೇ ಬರೆದಿಡಬಹುದು. ೬೦ ಸೆಕೆಂಡುಗಳಿಗೊಮ್ಮೆ ಸುಳಿವು ಕೊಡುವೆನೆಂದ ಯಂತ್ರ ೯೦ ಸೆಕೆಂಡುಗಳಾದರೂ ಸುಮ್ಮನಿದ್ದರೆ, ಮಧ್ಯವರ್ತಿ ಆ ಉಯಿಲನ್ನು ಎಲ್ಲರಿಗೂ ಓದಿ ಹೇಳುತ್ತದೆ. ಹೀಗೆ ಮೌನವೇ ಮಾತಾಗುತ್ತದೆ. ಹೋಮ್ ಅಸಿಸ್ಟೆಂಟಿನಲ್ಲಿಯೂ ‘ಮಾಹಿತಿ ಲಭ್ಯವಿಲ್ಲ’ ಎಂಬ ಸ್ಥಿತಿಯನ್ನೇ ಎಚ್ಚರಿಕೆಗೆ ಕಾರಣವಾಗಿ ಮಾಡಬಹುದು. ಮೊದಲು ಬರೆಯಬೇಕಾದ ನಿಯಮ ಇದೇ ಎಂದು ನಮ್ಮ ಅಭಿಪ್ರಾಯ.

ಇನ್ನೆರಡು ಮಾತುಗಳು. ಕಾಯುವ ವ್ಯವಸ್ಥೆಯನ್ನು ಕಾಯಲ್ಪಡುವ ಯಂತ್ರದಲ್ಲಿಯೇ ಇರಿಸಬಾರದು; ಮುಳುಗುವ ದೋಣಿಯೊಳಗಿನ ಕಾವಲುಗಾರ ದಡದವರಿಗೆ ಸುದ್ದಿ ಮುಟ್ಟಿಸಲಾರನು. ಅಲ್ಲದೆ, ಗ್ಲಾನ್ಸಸ್ಸನ್ನು ಗುಪ್ತಪದವಿಲ್ಲದೆ ಜಾಲಕ್ಕೆ ತೆರೆದಿಟ್ಟರೆ ನಮ್ಮ ಯಂತ್ರದಲ್ಲಿ ಏನೇನು ನಡೆಯುತ್ತಿದೆಯೆಂಬುದನ್ನು ಅಪರಿಚಿತರೂ ಓದಬಲ್ಲರು.

ವಿದ್ಯಾರ್ಥಿಗಳು ಹಳೆಯ ಕಂಪ್ಯೂಟರೊಂದನ್ನು ಹೀಗೆ ಕಾಯಲು ತೊಡಗಲಿ. ನಿಯಮಗಳನ್ನು ಬರೆದಾದ ಮೇಲೆ ಒಮ್ಮೆ ಆ ಯಂತ್ರದ ತಂತಿಯನ್ನು ತಾವೇ ಕಿತ್ತು ನೋಡಲಿ. ಆಗಲೂ ಮನೆಯಲ್ಲಿ ಗಂಟೆ ಬಾರಿಸಿತೆಂದರೆ ಮಾತ್ರ ಕಾವಲು ಪೂರ್ಣವಾಯಿತೆಂದು ತಿಳಿಯಬಹುದು.