ಸೋಲುತ್ತಲೇ ಬೆಳೆದವರು
2013ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಬೇಸ್‌ಬಾಲ್ ತಂಡ 162 ಪಂದ್ಯಗಳಲ್ಲಿ 111 ಸೋತಿತು. ಕೊನೆಯ 15ರಲ್ಲಿ ಒಂದನ್ನೂ ಗೆಲ್ಲಲಿಲ್ಲ. ಸೋಲಿನ ಲೆಕ್ಕ ನೂರು ದಾಟಿದ್ದು ಅದು ಸತತ ಮೂರನೇ ವರ್ಷ. ದುಬಾರಿ ಅನುಭವಿಗಳನ್ನು ಬಿಟ್ಟುಕೊಟ್ಟ ಆಡಳಿತ, ಕಡಿಮೆ ಸಂಬಳದ ಎಳೆಯರನ್ನೇ ಕಣಕ್ಕಿಳಿಸಿತ್ತು. ಆಗಿನ ನಿಯಮದಂತೆ ಅತಿ ಹೆಚ್ಚು ಸೋತವರಿಗೇ ಮರುವರ್ಷ ಹೊಸ ಪ್ರತಿಭೆಯನ್ನು ಮೊದಲು ಆರಿಸಿಕೊಳ್ಳುವ ಹಕ್ಕು. ಈ ಲೆಕ್ಕಾಚಾರವನ್ನು ನಾನು ಒಪ್ಪಲಾರೆ. ದುಡ್ಡು ಕೊಟ್ಟು ಬಂದ ಪ್ರೇಕ್ಷಕರಿಗೆ, ಅದಕ್ಕಿಂತ ಹೆಚ್ಚಾಗಿ ದಿನವೂ ಪೆಟ್ಟು ತಿನ್ನುವ ಹುಡುಗರಿಗೆ ಅದು ಅನ್ಯಾಯ. ಆದರೆ ಆ ಹುಡುಗರು ಸೋಲಲೆಂದು ಆಡಿದವರಲ್ಲ. ಐದೂವರೆ ಅಡಿ ಎತ್ತರದ, 23ರ ಹೊಸೆ ಅಲ್ಟುವೆ ಆ ತಂಡದಲ್ಲಿದ್ದ. ಆ ವರ್ಷ 6 ಪಂದ್ಯ ಗೆದ್ದು 10 ಸೋತ ಎಸೆತಗಾರ ಡಾಲಸ್ ಕೈಕಲ್‌ಗೆ ಎರಡೇ ವರ್ಷಗಳಲ್ಲಿ ಅತ್ಯುತ್ತಮ ಎಸೆತಗಾರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. 2017ರಲ್ಲಿ ಚಾಂಪಿಯನ್ ಪಟ್ಟದ ವರ್ಲ್ಡ್ ಸೀರೀಸ್ ಗೆದ್ದ ಆಸ್ಟ್ರೋಸ್ ತಂಡದಲ್ಲಿ ಇಬ್ಬರೂ ಇದ್ದರು (ಎದುರಾಳಿಗಳ ಸನ್ನೆ ಕದ್ದ ಕಳಂಕ ಆ ಗೆಲುವಿಗೆ ಆಮೇಲೆ ಅಂಟಿತು, ಅದು ಬೇರೆಯೇ ನೋವು). ಆದರೆ ಹಿಂದಿನ ವರ್ಷದ ಸೋಲಿನಿಂದ ದಕ್ಕಿದ ಹಕ್ಕಿನಂತೆ 2013ರ ಆಯ್ಕೆಯಲ್ಲಿ ಆಸ್ಟ್ರೋಸ್ ಎಲ್ಲರಿಗಿಂತ ಮೊದಲು ಹಿಡಿದ ಎಸೆತಗಾರ ಮಾರ್ಕ್ ಅಪ್ಪೆಲ್, ಅತ್ಯುನ್ನತ ಹಂತವಾದ ಮೇಜರ್ ಲೀಗಿನಲ್ಲಿ ಆ ತಂಡಕ್ಕಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವನ ಪದಾರ್ಪಣೆ 2022ರಲ್ಲಿ, ಫಿಲಡೆಲ್ಫಿಯಾ ತಂಡದಲ್ಲಿ.